ಮಾಗೋಡಿನ ಚಿತ್ರದ ಕೈ

"ಚಿತ್ರದ ಕೈ ತಿದ್ದೋದು ಬಾಕಿ ಇತ್ತಲ್ಲ ಅಮ್ಮ, ಅದಕ್ಕೇ ಬಂದೆ" ಎಂದು ಮುನವ್ವರ್ ಜಗಲಿಯ ತುದಿಯಲ್ಲಿ ಕೂತು ಸುಳ್ಳು ಹೇಳಿದ. ಬಾಯಿಂದ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ. ಹೊಟ್ಟೆಪಾಡಿಗೆ ಕುಂಚದಿಂದ ಹೇಳಿದ್ದೇ ಬೇಕಾದಷ್ಟಾಗಿತ್ತು.

ವೆಂಕಮ್ಮ ಬಾಗಿಲಲ್ಲಿ ನಿಂತೇ ಅವನನ್ನು ದಿಟ್ಟಿಸಿದಳು. ಆರು ವರ್ಷದ ಹಿಂದೆ, ಮೂವತ್ತೊಂದನೆಯ ಇಸವಿಯಲ್ಲಿ ಅವನು ಅವಳ ಚಿತ್ರ ಬರೆದಾಗ ಮೂಗಲ್ಲಿ ನತ್ತಿತ್ತು, ಮುಡಿ ತುಂಬ ಹೂವಿತ್ತು. ಈಗ ಬೋಳಾದ ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಗಂಡ ನಾಗಪತಿ ಹೆಗಡೆಯವರು ಹೋಗಿ ಎರಡು ವರ್ಷವಾಯಿತೆಂದು ಮುನವ್ವರನಿಗೆ ಯಲ್ಲಾಪುರದ ಪೇಟೆಯಲ್ಲೇ ತಿಳಿದಿತ್ತು.

"ಆರು ವರ್ಷ ಇಲ್ದೇ ಇದ್ದ ಅವಸರ ಈಗ ಎಂತಕ್ಕೆ ಬಂತು ಮಾರಾಯ?" ಎಂದಳು. ಆದರೂ ಚಿತ್ರ ತರಲು ಒಳಗೆ ಹೋದಳು.

ಮುನವ್ವರನ ಕಸುಬಿನ ಗುಟ್ಟು ಹೀಗಿತ್ತು. ಮಳೆಗಾಲದ ನಾಲ್ಕು ತಿಂಗಳು ಗಾಡಿದಾರಿಯೆಲ್ಲ ಕೆಸರು. ಆಗ ಶಿರಸಿಯ ಮನೆಯಲ್ಲೇ ಕೂತು ಮುಖವಿಲ್ಲದ ಮೈಗಳನ್ನು ಬರೆದಿಡುತ್ತಿದ್ದ: ಜರಿ ಸೀರೆ, ಕುರ್ಚಿ, ಮಡಿಲಲ್ಲಿ ಜೋಡಿಸಿದ ಕೈ. ಬೇಸಗೆಯಲ್ಲಿ ಸಿದ್ದಾಪುರ, ಯಲ್ಲಾಪುರದ ದೊಡ್ಡ ಮನೆಗಳಿಗೆ ಹೋಗಿ ಮುಖವೊಂದನ್ನು ಕೂರಿಸಿದರೆ ಎರಡು ದಿನದಲ್ಲಿ ಚಿತ್ರ ಸಿದ್ಧ. ಹೆಂಗಸರ ಮೈಗೆಲ್ಲ ಎದುರು ಕೂರುತ್ತಿದ್ದವಳು ಅವನ ಹೆಂಡತಿ ಸಾಲೇಹಾ. ಅಕ್ಕಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು ಹನ್ನೊಂದು ಮಳೆಗಾಲ ಕೂತಳು. ತನ್ನ ಮುಖ ಮಾತ್ರ ಬರೆಯಗೊಡಲಿಲ್ಲ.

"ಲೋಕವೆಲ್ಲ ಮುಗಿಯೋ ಕಯಾಮತ್ ದಿನ ಖುದಾ ಕೇಳ್ತಾನೆ, ಬರೆದ ಮುಖಕ್ಕೆಲ್ಲ ಜೀವ ಕೊಡು ಅಂತ. ಊರವರದಕ್ಕೆ ಜವಾಬು ಕೊಡೋದ್ರಲ್ಲೇ ನಿಮಗೆ ಸಾಕಾಗ್ತದೆ, ನನ್ನದೊಂದು ಬಿಟ್ಟುಬಿಡಿ" ಎಂದು ನಗುತ್ತಿದ್ದಳು. ಅವನೂ ಬಿಟ್ಟ. ದಿನಾ ಎದುರಿಗಿರುವವಳ ಚಿತ್ರ ಯಾರಿಗೆ ಬೇಕು ಅಂದುಕೊಂಡಿದ್ದ, ಪಾಪ.

ಹೋದ ಶ್ರಾವಣದಲ್ಲಿ ಮೂರೇ ದಿನದ ಚಳಿಜ್ವರಕ್ಕೆ ಸಾಲೇಹಾ ಹೋದಳು. ನಲವತ್ತು ದಿನ ಕಳೆದ ಮೇಲೆ ಅವನು ಕುಂಚ ಹಿಡಿದ. ಕಣ್ಣು ಬರೆದರೆ ಹೇರೂರಿನ ಯಾರದೋ ಕಣ್ಣು, ತುಟಿ ಬರೆದರೆ ಭೈರುಂಬೆಯ ಇನ್ಯಾರದೋ ತುಟಿ. ಊರವರ ಮುಖವೆಲ್ಲ ಕೈಗೆ ಬಂತು, ಅವಳದು ಬರಲಿಲ್ಲ. ಮುನವ್ವರ್ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಆಗ ನೆನಪಾದದ್ದು ಮಾಗೋಡಿನ ಈ ಮನೆ. ಸಾಲೇಹಾಳ ಎಡ ಮಣಿಕಟ್ಟಿನಲ್ಲಿ ರೊಟ್ಟಿಯ ಹಂಚು ತಾಗಿದ ಸುಟ್ಟ ಕಲೆಯಿತ್ತು. ಎಲ್ಲ ಚಿತ್ರಗಳಲ್ಲೂ ಅದರ ಮೇಲೆ ಬಳೆ ಬರೆದು ಮುಚ್ಚಿದ್ದ. ದೊಡ್ಡ ಮನೆಯ ಹೆಂಗಸರಿಗೆ ಸುಟ್ಟ ಕಲೆ ಒಪ್ಪೀತೇ? ವೆಂಕಮ್ಮನ ಚಿತ್ರದಲ್ಲಿ ಮಾತ್ರ ಅವಸರಕ್ಕೆ ಬಳೆಗಳು ಕೆಳಗೆ ಸರಿದು ಕಲೆ ಹಾಗೇ ಉಳಿದಿತ್ತು. ಹೆಗಡೆಯವರು ಬೈದಾಗ ಮುಂದಿನ ವರ್ಷ ತಿದ್ದುತ್ತೇನೆಂದು ಹೇಳಿ ತಲೆ ತಪ್ಪಿಸಿಕೊಂಡಿದ್ದ.

ವೆಂಕಮ್ಮ ಚಿತ್ರ ತಂದು ಕಂಬಕ್ಕೆ ಒರಗಿಸಿ ಬಟ್ಟೆ ಸರಿಸಿದಳು. ಕಲೆ ಇತ್ತು, ಹುಣಸೆಬೀಜದಷ್ಟು. ಮುನವ್ವರ್ ಬಣ್ಣದ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ.

"ಎಂತ ಆತು ನಿಂಗೆ?"

ಅವನ ಕಣ್ಣು ಚಿತ್ರದ ಕೈಯ ಮೇಲೇ ಇತ್ತು.

"ಇದು ಯನ್ನ ಕೈ ಅಲ್ಲ ಹೇಳಿ ಅವತ್ತೇ ಗೊತ್ತಿತ್ತು. ಯನ್ನ ಬೆರಳು ಇಷ್ಟು ಉದ್ದ ಇಲ್ಲೆ. ಯಾರದು?"

"ನನ್ನ ಮನೆಯವಳದು ಅಮ್ಮ. ಹೋಗಿಬಿಟ್ಟಳು. ಮುಖ ಎಲ್ಲೂ ಬರೆದಿಲ್ಲ. ಈಗ ನೆನಪಿಗೂ ಬರ್ತಾ ಇಲ್ಲ."

ಅವನು ಆ ಬೆರಳುಗಳನ್ನು ನೋಡಿದ, ಕಲೆಯನ್ನು ನೋಡಿದ, ತೋಳು ಹಿಡಿದು ಕಣ್ಣಲ್ಲೇ ಭುಜದವರೆಗೆ ಹೋದ. ಇನ್ನೇನು ಸಿಕ್ಕಳು ಎನ್ನುವಾಗ ಮೇಲೆ ನತ್ತಿನ ವೆಂಕಮ್ಮ ಎದುರಾದಳು. ಮತ್ತೆ ಕೈಯಿಂದ ಶುರು ಮಾಡಿದ. ಮತ್ತೆ ಅದೇ ಆಯಿತು.

ಅವನ ಕಣ್ಣು ಮುಖದವರೆಗೆ ಹೋಗಿ ಸೋತು ಮರಳುವುದನ್ನು ವೆಂಕಮ್ಮ ಕಂಡಳು. ಆಮೇಲೆ ಚಿತ್ರದ ಪಕ್ಕ ಕೂತು, ಅದರಲ್ಲಿದ್ದ ತನ್ನ ಮುಖದ ಮೇಲೆ, ನತ್ತು ಕುಂಕುಮ ಹೂವು ಎಲ್ಲ ಮರೆಯಾಗುವಂತೆ, ಅಂಗೈ ಅಗಲಿಸಿ ಇಟ್ಟಳು.

"ಈಗ ನೋಡು" ಎಂದಳು.

ಹೊತ್ತು ಇಳಿಯುವವರೆಗೂ ಬಳೆಯಿಲ್ಲದ ಆ ಕೈ ಅಲ್ಲಿಂದ ಕದಲಲಿಲ್ಲ.