ಸೂರಿನ ಲೋಟ

ನಮ್ಮ ಹಿಂಬಾಗಿಲ ಸೂರಿನಲ್ಲಿ, ಹೆಂಚಿನ ಸಂದಿಗೆ, ಒಂದು ಸ್ಟೀಲ್ ಲೋಟ ಸಿಕ್ಕಿಸಿರುತ್ತಿತ್ತು. ಅದು ಸಿದ್ದಗಂಗಮ್ಮನದು. ಇಪ್ಪತ್ತೆರಡು ವರ್ಷದಿಂದ ನಮ್ಮ ಕಾಫಿ ತೋಟದ ಕೆಲಸಕ್ಕೆ ಬರುವವಳು. ಹತ್ತು ಗಂಟೆಗೆ ತಾನೇ ಲೋಟ ತೆಗೆದು, ತೊಳೆದು, ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದಳು. ನಾನು ಮೇಲಿನಿಂದ ಕಾಫಿ ಹೊಯ್ಯುತ್ತಿದ್ದೆ. ಕುಡಿದಾದ ಮೇಲೆ ಲೋಟ ಮತ್ತೆ ಸೂರಿಗೆ. ಇದರಲ್ಲಿ ಏನೋ ತಪ್ಪಿದೆ ಅಂತ ನನಗೆ ಅನ್ನಿಸಿದ್ದೇ ಇಲ್ಲ, ದೇವರಾಣೆಗೂ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಈ ಸಲ ನಮ್ಮ ಪಂಚಾಯ್ತಿ ವಾರ್ಡು ದಲಿತ ಮಹಿಳೆಗೆ ಮೀಸಲಾಯಿತು. ನನ್ನ ಗಂಡ ವೆಂಕಟರಾಮ ಮೂರು ಸಲ ಮೆಂಬರ್ ಆಗಿದ್ದವರು. ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿ, ಮೂರನೆಯ ದಿನ ಸಿದ್ದಗಂಗಮ್ಮನನ್ನು ಅಂಗಳಕ್ಕೆ ಕರೆಸಿದರು.

"ನೀನು ನಿಲ್ಲು. ಓಡಾಟ ಎಲ್ಲ ನಂದು. ಗೆದ್ದ ಮೇಲೆ ಕಾಗ್ದ ಬಂದ್ರೆ ಇಲ್ಲಿಗೇ ಬಂದು ಸೈನ್ ಹಾಕಿದ್ರಾಯ್ತು."

"ನಮ್ಮ ಕಾಲೋನಿಗೆ ನೀರಿನ ಪೈಪು ಬರ್ತದಾ ಸಾವ್ಕಾರ್ರೆ? ಹಳ್ಳಕ್ಕಿಳಿದು ಹೊತ್ತೂ ಹೊತ್ತೂ ಸೊಂಟ ಬಿದ್ದೋಗೈತೆ."

"ಬರ್ತದೆ ಮಾರಾಯ್ತಿ, ಮೊದ್ಲು ಗೆಲ್ಲು."

ಆ ಪೈಪಿನ ಆಸೆಗೆ ಅವಳು ಹೂಂ ಅಂದಳು. ಅವಳಿಗೆ ಸಿಕ್ಕ ಗುರುತು, ನಮ್ಮ ಗ್ರಹಚಾರ ನೋಡಿ, ಗಾಜಿನ ಲೋಟ. ಇವರು ಶೋಕೇಸಿನಿಂದ ಒಂದು ಗಾಜಿನ ಲೋಟ ತೆಗೆದುಕೊಂಡು ಕೊಟ್ಟಿಗೆಹಾರದವರೆಗೆ ಮನೆಮನೆ ಹತ್ತಿದರು. ಇವರು ಜಗಲಿಯಲ್ಲಿ ಕೂತು ಲೋಟ ತೋರಿಸಿ ವೋಟು ಕೇಳಿದರೆ, ನಿಂತ ಅಭ್ಯರ್ಥಿ ಅಂಗಳದಲ್ಲೇ ನಿಂತು ಕೈ ಮುಗಿಯುತ್ತಿದ್ದಳು.

ಮತದಾನಕ್ಕೆ ನಾಲ್ಕು ದಿನವಿತ್ತು. ಮೂಡಿಗೆರೆ ಕಾಲೇಜಿಗೆ ಹೋಗುವ ಮಗಳು ರಂಜನಾ ಟೀವಿಯಲ್ಲಿ ಕನ್ನಡಕ್ಕೆ ಡಬ್ ಆದ ಒಂದು ತಮಿಳು ಸಿನಿಮಾ ಹಾಕಿದಳು. ಅದರಲ್ಲಿ ಕೇರಿಯ ಹೆಂಗಸೊಬ್ಬಳು ಪಂಚಾಯ್ತಿ ಅಧ್ಯಕ್ಷೆಯಾಗುತ್ತಾಳೆ. ಪ್ರತಿ ಸಭೆಯ ದಿನವೂ ಊರ ಹಿರಿಯರು ಅವಳ ಕುರ್ಚಿಯನ್ನು ರಿಪೇರಿಗೆ ಅಂತ ಹೊರಿಸಿಕೊಂಡು ಹೋಗುತ್ತಾರೆ. ಇವರು ಬಿದ್ದು ಬಿದ್ದು ನಕ್ಕರು.

"ಎಂಥ ಜನ ನೋಡು. ಸದ್ಯ, ನಮ್ಮ ಕಡೆ ಇಷ್ಟು ಕೆಟ್ಟಿಲ್ಲ."

ನಾನೂ ನಕ್ಕೆ. ತಿರುಗಿದರೆ ಕಿಟಕಿಯಾಚೆ ಸಿದ್ದಗಂಗಮ್ಮ ಲೋಟ ಹಿಡಿದು ನಿಂತು ಸಿನಿಮಾ ನೋಡುತ್ತಿದ್ದಾಳೆ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಅವಳು ನಗುತ್ತಲೂ ಇರಲಿಲ್ಲ.

ಮಾರನೆಯ ದಿನ ಕೇಳಿದಳು: "ಅಮ್ಮಾ, ಆಯಮ್ಮಂಗೆ ಕೊನೆಗೆ ಕುರ್ಚಿ ಸಿಕ್ತಾ?"

ಕೊನೆ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಗೊತ್ತಿಲ್ಲ ಅಂದೆ.

ಊಟಕ್ಕೆ ಕೂತಾಗ ರಂಜನಾ ಸುಮ್ಮನಿರಲಿಲ್ಲ. "ಅಪ್ಪಾ, ಅವ್ರು ಕುರ್ಚಿ ಹೊತ್ಕೊಂಡು ಹೋದ್ರು. ನಾವು ಲೋಟ ಸೂರಿಗೆ ಸಿಕ್ಕಿಸಿದೀವಿ. ಏನು ವ್ಯತ್ಯಾಸ?"

"ಪದ್ಧತಿ ಬೇರೆ, ಪ್ರೀತಿ ಬೇರೆ. ಅವಳ ಮಗಳ ಹೆರಿಗೆಗೆ ಚಾರ್ಮಾಡಿ ಘಾಟಿ ಇಳಿದು ಜೀಪ್ ಓಡಿಸಿದವ ನಾನು."

"ವಾಪಸ್ ಬರುವಾಗ ಆ ಬಾಣಂತಿ ಸೀಟ್ ಮೇಲೆ ಕೂತಿದ್ಲಾ, ಕೆಳಗೆ ಗೋಣಿ ಮೇಲಾ?"

ಅವರು ಮಜ್ಜಿಗೆ ಕೇಳಿದರು. ನನ್ನ ತಲೆ ಕೆಟ್ಟುಹೋಯಿತು. ಜೀಪ್ ಓಡಿಸಿದ್ದು ಸುಳ್ಳಲ್ಲ, ಗೋಣಿಯೂ ಸುಳ್ಳಲ್ಲ. ನನ್ನ ಗಂಡ ಕೆಟ್ಟವರಲ್ಲ. ಹಾಗಾದರೆ ಒಬ್ಬರೇ ಮನುಷ್ಯ ಇವೆರಡನ್ನೂ ಹೇಗೆ ಮಾಡಿದರು? ಆ ಗೋಣಿ ಹಾಸಿದವಳೇ ನಾನು. ನನ್ನನ್ನು ಏನೆನ್ನಬೇಕು?

ಸಿದ್ದಗಂಗಮ್ಮ ಗೆದ್ದಳು. ಆವತ್ತು ಮೊದಲ ಸಲ ಅವಳನ್ನು ಮನೆಯೊಳಗೆ ಕರೆದರು. ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಉಮೇಶ್ ಫೋಟೋಗೆ ಅಂತ ಮೊಬೈಲ್ ಹಿಡಿದು ನಿಂತಿದ್ದರು. ಇವರು ಗಾಜಿನ ಲೋಟದಲ್ಲಿ ಕಾಫಿ ತರಿಸಿ, ಅದರ ಪಕ್ಕ ಒಂದು ಕಾಗದ ಇಟ್ಟರು.

"ಇಲ್ಲಿ ಸೈನ್ ಹಾಕು. ನೀರಿನ ಪೈಪಿಂದೇ."

ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ಬೆರಳಿಟ್ಟು ಸಾಲುಸಾಲೇ ಓದಿದಳು. ನಾವೆಲ್ಲ ಕಾದೆವು.

"ಇದ್ರಲ್ಲಿ ಕಾಲೋನಿ ಅಂತ ಎಲ್ಲೈತೆ?"

"ಮೊದ್ಲು ನಮ್ಮ ಮೇಲಿನ ತೋಟದ ತನಕ ಬರ್ಲಿ. ಕಾಲೋನಿಗೆ ಮುಂದಿನ ವರ್ಷ."

ಅವಳು ನೇರ ಹಿಂಬಾಗಿಲಿಗೆ ಹೋದಳು. ಸೂರಿನಿಂದ ತನ್ನ ಸ್ಟೀಲ್ ಲೋಟ ತಂದು, ಗಾಜಿನ ಲೋಟದ ಕಾಫಿಯಲ್ಲಿ ಅರ್ಧವನ್ನು ಅದಕ್ಕೆ ಬಗ್ಗಿಸಿ, ಇವರ ಮುಂದಿಟ್ಟಳು.

"ಫೋಟೋಗೆ ನಾನು ನಿಮ್ಮ ಲೋಟದಲ್ಲಿ ಕುಡಿತೀನಿ ಸಾವ್ಕಾರ್ರೆ. ನೀವು ನಂದ್ರಲ್ಲಿ ಕುಡಿರಿ."

ಇವರ ಕೈ ಮೊಣಕಾಲಿನಿಂದ ಏಳಲಿಲ್ಲ. ಉಮೇಶ್ ಮೊಬೈಲ್ ಕೆಳಗಿಳಿಸಿದರು. ಕುಡಿಯಿರಿ ಅಂತ ಹೇಳಬೇಕು ಅಂತ ನನ್ನ ಬಾಯಿಗೆ ಬಂತು, ಆದರೆ ಹೇಳಲಿಲ್ಲ.

ಅವಳು ಕಾಗದವನ್ನು ವಾಪಸ್ ಸರಿಸಿದಳು. "ಇನ್ಮೇಲೆ ಏನು ಕಾಗ್ದ ಇದ್ರೂ ಪಂಚಾಯ್ತಿ ಆಫೀಸಿಗೇ ತನ್ನಿ. ಅಲ್ಲಿ ನಂಗೆ ಕುರ್ಚಿ ಐತೆ. ಮೊದ್ಲು ಕಾಲೋನಿ ಪೈಪು." ಅಷ್ಟು ಹೇಳಿ ಮುಂಬಾಗಿಲಿನಿಂದಲೇ ಇಳಿದು ಹೋದಳು.

ಲೋಟ ಇಲ್ಲೇ ಉಳಿಯಿತು. ಸೂರಿಗೆ ಸಿಕ್ಕಿಸಲು ಕೈ ಬರಲಿಲ್ಲ, ನಮ್ಮ ಲೋಟಗಳ ಸಾಲಿಗೆ ಸೇರಿಸಲು ಧೈರ್ಯವೂ ಸಾಲಲಿಲ್ಲ. ಮೂರು ದಿನ ಅಡಿಗೆ ಕಟ್ಟೆಯ ಮೇಲೆ ಹಾಗೇ ಇತ್ತು. ಇವತ್ತು ಬೆಳಿಗ್ಗೆ ಅದರಲ್ಲೇ ಕಾಫಿ ಹಾಕಿ ಗಂಡನ ಮುಂದಿಟ್ಟೆ.

"ಇದು ಯಾರ ಲೋಟ?"

"ನಮ್ಮ ಮೆಂಬರ್‌ದು."

ಕಾಫಿ ಆರುವ ತನಕ ಅವರು ಅದನ್ನು ನೋಡುತ್ತಾ ಕೂತರು. ಕೊನೆಗೆ ನಾನೇ ಎತ್ತಿ ಕುಡಿದೆ. ನಾನು ದಿನಾ ಕುಡಿಯುವ ಕಾಫಿಯೇ ಅದು.