ಬೋಗಾದಿಯ ಇಂಗ್ಲಿಷ್ ಹಳ್ಳಿಗೊಂದು ಇತಿಹಾಸ

ಹೇಗೆ ಶುರು ಮಾಡಲಿ? ‘ಒಂದಾನೊಂದು ಹಳ್ಳಿಯಿತ್ತು’ ಎಂದರೆ ಅರ್ಧ ನಿಜ. ಹಳ್ಳಿ ಇತ್ತು, ಬೋಗಾದಿ. ಈಗ ಅದರ ಒಂದು ಮೂಲೆಯಲ್ಲಿ, ಎತ್ತರದ ಕಾಂಪೌಂಡಿನೊಳಗೆ, ‘ಓಲ್ಡ್ ಬ್ರಾಂಬಲ್ ವಿಲೇಜ್’ ಎಂಬ ಇಂಗ್ಲಿಷ್ ಹಳ್ಳಿಯಿದೆ. ಹೆಸರಿನಲ್ಲಿ ಓಲ್ಡ್, ವಯಸ್ಸು ಆರು ವರ್ಷ. ಮನೆಗಳಿಗೆ ಚಿಮಣಿಯಿದೆ, ಕೆಳಗೆ ಒಲೆಯಿಲ್ಲ. ಪಬ್ಬಿದೆ, ಅಲ್ಲಿ ಬಾದಾಮಿ ಹಾಲು ಸಿಗುತ್ತದೆ.

(ನಗಬೇಡಿ. ಚಿಮಣಿಯ ಮೇಲೆ ಪಾರಿವಾಳ ಕೂರುತ್ತವೆಂದು ಬಲೆ ಬೇರೆ ಹಾಕಿಸಿದ್ದಾರೆ.)

1

ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷ ಚಂದ್ರಮೌಳಿ, ಕಥೆ ಬರೆಯುವವನೆಂದು ನನ್ನನ್ನು ಕರೆಸಿದರು. ‘ವಿಲೇಜ್ ಡೇ’ಗೆ ಸ್ಮರಣ ಸಂಚಿಕೆ ತರುತ್ತಾರಂತೆ.

“ವಿಲೇಜ್ ಅಂದ್ಮೇಲೆ ಹಿಸ್ಟರಿ ಇರ್ಬೇಕಲ್ವೇನ್ರೀ? ಒಂದು ಮುನ್ನೂರು ವರ್ಷದ್ದು ಸಾಕು. ಒಬ್ಬ ಪಾದ್ರಿ, ಒಂದು ಸುಗ್ಗಿ ಊಟ, ಒಂದು ಹಳೇ ಗೋರಿ. ಹುಲ್ಲುಹಾಸಿನ ಮೂಲೇಲಿ ಕಲ್ಲು ನೆಡಿಸ್ತೀವಿ, ಹೆಸರು ನೀವು ಕೊಡಿ.”

ಕೊಟ್ಟೆ. ಪಾದ್ರಿ ಥಾಮಸ್, ಚಳಿಜ್ವರ ಬಂದು ತೀರಿಕೊಂಡ. ಮೊದಲ ಕರಡಿನಲ್ಲಿ ಕುದುರೆಯಿಂದ ಬಿದ್ದು ಸತ್ತಿದ್ದ. ದುರ್ಮರಣ ಅಶುಭವೆಂದು ಸಂಘ ಒಪ್ಪಲಿಲ್ಲ.

2

(ಈ ಭಾಗ ಸಂಚಿಕೆಯಲ್ಲಿಲ್ಲ.)

ಆ ಹುಲ್ಲುಹಾಸಿನ ಮೂಲೆಯಲ್ಲಿ ನಿಜಕ್ಕೂ ಒಂದು ಗೋರಿಯಿದೆ. ಕಾಂಪೌಂಡಿನಾಚೆಯ ಹಳೇ ಬೋಗಾದಿಯ ಮಂಚಮ್ಮನ ಗಂಡ ಮಂಟಯ್ಯನದು. ಮೊದಲು ಅದು ಅವರ ಕೇರಿಯ ಸ್ಮಶಾನವಾಗಿತ್ತು. ಪ್ರತಿ ಪಿತೃಪಕ್ಷಕ್ಕೂ ಮಂಚಮ್ಮ ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ ತಂದು ಅಲ್ಲಿ ಎಡೆ ಇಡುತ್ತಿದ್ದರು. ಕಾವಲಿನವರು ಕಂಡೂ ಕಾಣದಂತೆ ಬಿಡುತ್ತಿದ್ದರು. ಈ ವರ್ಷ ಕ್ಯಾಮೆರಾ ಬಂದಿದೆ, ಇವತ್ತು ನನ್ನ ಕಣ್ಣೆದುರೇ ಗೇಟಿನಲ್ಲಿ ತಡೆದರು.

ಆ ಗೋರಿಯ ವಿಷಯ ಚಂದ್ರಮೌಳಿಯವರನ್ನು ಕೇಳಿದೆ.

“ಅದನ್ನೆಲ್ಲ ಎಲ್ಲೂ ಬರೀಬೇಡಿ ಕಣ್ರೀ, ಸೈಟ್ ರೇಟು ಬಿದ್ದೋಗುತ್ತೆ.”

ಥಾಮಸನ ಹೆಣವಾದರೆ ಹೆರಿಟೇಜ್, ಮಂಟಯ್ಯನದಾದರೆ ವಾಸ್ತುದೋಷ. ನನಗೆ ಅಸಹ್ಯವಾಯಿತು. ಆದರೂ ಅವರು ಕೊಟ್ಟ ಕಾಫಿ ಕುಡಿದೆ.

3

ಮಂಚಮ್ಮನಿಗೆ ಕಥೆಯಲ್ಲಾದರೂ ನ್ಯಾಯ ಸಿಗಲೆಂದು ಅಂತ್ಯಗಳನ್ನು ಬರೆದುಕೊಂಡು ಗೇಟಿಗೆ ಹೋದೆ. ಅವರು ಎಡೆಯ ಬುತ್ತಿ ಹಿಡಿದು ಇನ್ನೂ ನಿಂತಿದ್ದರು. ಓದಿ ಹೇಳಿದೆ.

ಅಂತ್ಯ ಒಂದು: ಚಂದ್ರಮೌಳಿಯವರ ಮನಸ್ಸು ಕರಗಿ ಗೇಟು ತೆಗೆಸುತ್ತಾರೆ.

“ಕರಗಕ್ಕೆ ಅದೇನು ಬೆಲ್ಲವಾ?” ಎಂದರು ಮಂಚಮ್ಮ. ಹೊಡೆದುಹಾಕಿದೆ.

ಅಂತ್ಯ ಎರಡು: ಥಾಮಸನ ಕಲ್ಲನ್ನು ಮಂಟಯ್ಯನ ಮೇಲೆಯೇ ನೆಡಿಸುತ್ತೇನೆ. ಅದನ್ನು ಒರೆಸುವ ಕೆಲಸಕ್ಕೆ ಮಂಚಮ್ಮ ಸೇರುತ್ತಾರೆ. ದಿನಾ ಒಳಗೆ ಹೋಗಬಹುದು, ಕೇಳುವವರಿಲ್ಲ. (ಇದನ್ನು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.)

“ಬದುಕಿರೋವರ್ಗೂ ಊರೋರು ನನ್ ಗಂಡನ್ನ ಹೆಸ್ರಿಡ್ದು ಕರೀಲಿಲ್ಲ, ‘ಲೇ’ ಅಂತಿದ್ರು. ಸತ್ಮೇಲೂ ಇನ್ನೊಬ್ಬನ ಹೆಸ್ರು ಹೊತ್ಕಂಡು ಮಲಗ್ಬೇಕಾ ಅವ್ನು?”

ನಾಚಿಕೆಯಾಯಿತು.

“ಇನ್ನೊಂದಿದೆ, ಓದ್ಲಾ?”

“ಬ್ಯಾಡ ಬುಡಪ್ಪ. ನೀನು ಮುಗಿಸ್ಬುಟ್ಟು ಮನೆಗೋಯ್ತೀಯ. ಓದ್ದೋರು ಅಯ್ಯೋ ಪಾಪ ಅಂದ್ಬುಟ್ಟು ಮಲಿಕತಾರೆ. ಸಾರು ಆರೋಯ್ತಾ ಅದೆ. ಮಂಟಯ್ಯ ಇಲ್ಲೇ ಅವ್ನೆ ಅಂತ ಅವರ ಪುಸ್ತಕದಲ್ಲಿ ಬರಿ, ಆಮ್ಯಾಕೆ ಮುಗಿಸೀಯಂತೆ.”

4

ಅಲ್ಲೇ ನಿಂತು, ಫೋನಿನಲ್ಲಿದ್ದ ಇತಿಹಾಸದಿಂದ ಥಾಮಸನನ್ನು ಅಳಿಸಿ, ಮಂಟಯ್ಯ ಇಲ್ಲೇ ಇದ್ದಾರೆ ಎಂದು ಬರೆದು ಚಂದ್ರಮೌಳಿಯವರಿಗೆ ಕಳಿಸಿದೆ.

ಈಗ ಫೋನ್ ಹೊಡೆದುಕೊಳ್ಳುತ್ತಿದೆ. ಅವರೇ. ಎತ್ತಿದರೆ ಏನಾಯಿತೆಂದು ನಿಮಗೆ ಹೇಳಬೇಕಾಗುತ್ತದೆ, ಕಥೆ ಮುಗಿಯಿತೆಂದು ನೀವು ಪುಟ ತಿರುವುತ್ತೀರಿ.

ಎತ್ತುವುದಿಲ್ಲ. ಗೇಟು ಮುಚ್ಚಿಯೇ ಇದೆ, ಮಂಚಮ್ಮ ಬುತ್ತಿ ಕೆಳಗಿಟ್ಟಿಲ್ಲ. ನೀವೂ ಎದ್ದು ಹೋಗಬೇಡಿ, ಇಲ್ಲೇ ನಿಂತಿರಿ.