ಎಂಜಿನ್ನಿನ ಆಚೆ ಕೂತವನು

ಪರೀಕ್ಷಾ ಬಯಲಿನ ತಗಡಿನ ಶೆಡ್ಡಿನಲ್ಲಿ ಎರಡು ಗಾಡಿಗಳು ನಿಂತಿದ್ದವು. ಕಾಗದದ ಮೇಲೆ ಅವುಗಳ ಹೆಸರು ಬೇಹು ಕವಚವಾಹನ, ಒಂದನೆಯ ನಮೂನೆ ಮತ್ತು ಎರಡನೆಯ ನಮೂನೆ. ಆದರೆ ಮೂರು ವಾರ ಅವುಗಳ ಹೊಟ್ಟೆಯೊಳಗೆ ಕೂತು ಬೆಂದುಹೋದವರು ಮೊದಲನೆಯದನ್ನು ಎಮ್ಮೆ ಎಂದೂ ಎರಡನೆಯದನ್ನು ಮುಂಗುಸಿ ಎಂದೂ ಕರೆಯುತ್ತಿದ್ದರು. ಎಮ್ಮೆಗೆ ಎಂಟು ಚಕ್ರ, ಮೊಳ ದಪ್ಪದ ತಳ, ಕತ್ತಲಲ್ಲೂ ಮೈಲಿಗಟ್ಟಲೆ ನೋಡುವ ಕ್ಯಾಮೆರಾ. ಮುಂಗುಸಿಗೆ ಆರೇ ಚಕ್ರ. ಗಿಡ್ಡ, ಚುರುಕು, ಸದ್ದು ಕಡಿಮೆ. ಎಲ್ಲರಿಗಿಂತ ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ, ಎಷ್ಟಿದ್ದಾನೆ ಎಂದು ನೋಡಿಕೊಂಡು ಜೀವಸಹಿತ ವಾಪಸು ಬಂದು ಹೇಳುವುದು ಇಂಥ ಗಾಡಿಗಳ ಕೆಲಸ. ಎರಡರಲ್ಲಿ ಒಂದನ್ನು ಆರಿಸಲು ಐದು ಜನರ ಸಮಿತಿ ಕೂತಿತ್ತು.

ಐವರಲ್ಲಿ ನಿಜವಾದ ಯುದ್ಧದಲ್ಲಿ ಇಂಥ ಗಾಡಿ ಓಡಿಸಿದ್ದವರು ಒಬ್ಬರೇ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಇಪ್ಪತ್ತು ವರ್ಷ ಚಾಲಕರಿಗೆ ಪಾಠ ಹೇಳಿ ಹೇಳಿ ಅಂಟಿಕೊಂಡ ಹೆಸರು ಅದು. ಐವತ್ತೇಳರ ಪ್ರಾಯ, ಬಲಗಿವಿ ಸ್ವಲ್ಪ ಮಂದ. ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ಮಗಳ ಜೊತೆ ಪಟ್ಟಣದಲ್ಲಿದ್ದಳು. ಮಗಳ ಓದಿಗೆಂದು ಹೋದವಳು ಅವಳ ಓದು ಮುಗಿದು ಕೆಲಸ ಸಿಕ್ಕಿದ ಮೇಲೂ ಅಲ್ಲೇ ಉಳಿದಳು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು.

ಆ ದಿನ ಸಮಿತಿಯ ಮುಂದೆ ಅಂಕಪಟ್ಟಿ ಇತ್ತು. ನಲವತ್ತೊಂದು ಕಲಂ. ವೇಗ, ಏರು, ತೂಕ, ಇಂಧನ, ಗುಂಡಿನ ಪೆಟ್ಟು, ಮರಳು, ಹಿಮ, ಎಲ್ಲಕ್ಕೂ ಒಂದೊಂದು. ಎಮ್ಮೆ ಎಷ್ಟೋ ಮುಂದಿತ್ತು. ಸಮಿತಿಯ ಹಿರಿಯರಾದ ಕರ್ನಲ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ ಮೇಷ್ಟ್ರೇ, ಬೆಳಗ್ಗೆಯಿಂದ ತುಟಿ ಬಿಚ್ಚಿಲ್ಲ. ನಿಮಗೇನನ್ಸತ್ತೆ?"

"ನಂಗೆ ಮುಂಗುಸಿನೇ ಸರಿ ಅನ್ಸತ್ತೆ, ಸರ್."

"ಯಾಕೆ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಎಮ್ಮೆಯಲ್ಲಿ ಡ್ರೈವರ್ ಒಬ್ಬನೇ ಮುಂದೆ ಕೂರ್ತಾನೆ. ಅವನ ಹಿಂದೆ ಉಕ್ಕಿನ ಗೋಡೆ, ಪಕ್ಕದಲ್ಲಿ ಎಂಜಿನ್. ಕಮಾಂಡರು, ಗನ್ನರು ಆ ಗೋಡೆಯ ಆಚೆ. ಕಿವಿಗೆ ಹಾಕ್ಕೊಂಡಿರೋ ವೈರು ಬಿಟ್ರೆ ಇವನಿಗೂ ಅವರಿಗೂ ಸಂಬಂಧವೇ ಇಲ್ಲ. ಮುಂಗುಸಿಯಲ್ಲಿ ಮೂರು ಜನಾನೂ ಕೈಗೆ ಸಿಗೋ ಹಾಗೆ ಕೂರ್ತಾರೆ."

"ಇದು ಯಾವ ಕಲಂನಲ್ಲಿ ಬರತ್ತೆ?"

"ಬರಲ್ಲ, ಸರ್."

ಎಮ್ಮೆಯನ್ನು ಕಟ್ಟಿದ ಕಂಪನಿಯ ಎಂಜಿನಿಯರು ನಕ್ಕ. ಅವನ ನಗೆಯಲ್ಲಿ ಕುಹಕವೇನೂ ಇರಲಿಲ್ಲ. "ವೈರು ಒಂದಲ್ಲ ಮೇಷ್ಟ್ರೇ, ಮೂರು ಹಾಕಿದೀವಿ. ಡ್ರೈವರಿಗೆ ಬೇಜಾರಾಗತ್ತೆ ಅಂದ್ರೆ ಹಾಡು ಕೇಳೋಕೂ ಒಂದು ಹಾಕೋಣ." ಎಲ್ಲರೂ ನಕ್ಕರು. ಸಮಿತಿಯ ಡಾಕ್ಟರಮ್ಮ ಮಾತ್ರ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

ಹೇಳಬೇಕಾದದ್ದನ್ನು ಮೇಷ್ಟ್ರು ಹೇಳಿರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

ಆಗ ಅವರದು ಇಬ್ಬರೇ ಕೂರುವ ಪುಟ್ಟ ಗಾಡಿ. ಕೆಳಗೆ ಇವರು, ಹಿಂದೆ ತುಸು ಎತ್ತರದಲ್ಲಿ ಕ್ಯಾಪ್ಟನ್. ಶತ್ರುವಿನ ಸಾಲು ನೋಡಿಕೊಂಡು ಹಿಂದಿರುಗುವಾಗ ದೂಳು ಎದ್ದಿತು. ಎಂಥ ದೂಳೆಂದರೆ ಮಟಮಟ ಮಧ್ಯಾಹ್ನದಲ್ಲಿ ತಮ್ಮ ಮೊಣಕಾಲು ತಮಗೇ ಕಾಣುತ್ತಿರಲಿಲ್ಲ. ಒಂದು ಶೆಲ್ ಹತ್ತಿರದಲ್ಲೇ ಬಿದ್ದು ವೈರ್‌ಲೆಸ್ಸು, ಕಿವಿಯ ವೈರು ಎರಡೂ ಸತ್ತವು. ಕ್ಯಾಪ್ಟನ್ ಮೇಲೆ ತಲೆ ಹೊರಹಾಕಿ ದಿಕ್ಕು ನೋಡುತ್ತ ತಮ್ಮ ಬೂಟುಗಾಲುಗಳನ್ನು ಇವರ ಭುಜಗಳ ಮೇಲಿಟ್ಟರು. ಎಡಗಾಲು ತಟ್ಟಿದರೆ ಎಡಕ್ಕೆ, ಬಲಗಾಲು ತಟ್ಟಿದರೆ ಬಲಕ್ಕೆ, ಎರಡೂ ಒತ್ತಿದರೆ ನಿಲ್ಲು. ಸುಮ್ಮನೆ ಭಾರ ಬಿಟ್ಟರೆ ನೇರ ಹೋಗು. ಹೀಗೆ ಏಳು ಕಿಲೋಮೀಟರು ಬಂದರು. ಆಮೇಲೆ ಎರಡು ಕಾಲೂ ಭುಜದ ಮೇಲೆ ಸುಮ್ಮನೆ ಭಾರ ಬಿಟ್ಟವು. ನೇರ ಎಂದುಕೊಂಡು ಮೇಷ್ಟ್ರು ನೇರಕ್ಕೇ ಬಿಟ್ಟರು. ನಾಲ್ಕು ಕಿಲೋಮೀಟರು. ತಮ್ಮವರ ಮುಳ್ಳುತಂತಿ ಚಕ್ರಕ್ಕೆ ಸಿಕ್ಕಿದಾಗ ಗಾಡಿ ನಿಲ್ಲಿಸಿ, "ಬಂದ್ವಿ ಸರ್" ಎಂದು ಹಿಂದೆ ತಿರುಗಿದರು. ಕ್ಯಾಪ್ಟನ್ ಯಾವಾಗಲೋ ಹೋಗಿಬಿಟ್ಟಿದ್ದರು. ಕುತ್ತಿಗೆಯ ಕೆಳಗೆ ಹೆಬ್ಬೆರಳಿನಷ್ಟು ಚೂರು ಹೊಕ್ಕಿತ್ತು.

ಇವರಿಗೆ ಪದಕ ಕೊಟ್ಟರು. ಆ ನಾಲ್ಕು ಕಿಲೋಮೀಟರಿನಲ್ಲಿ ತಾವು ಒಬ್ಬರೇ ಇದ್ದೆವೋ, ಅಲ್ಲ ಜೊತೆಗೆ ಯಾರಾದರೂ ಇದ್ದರೋ ಎಂಬುದು ಮಾತ್ರ ಅವರಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಆದರೆ ಆ ಭಾರ ಭುಜದ ಮೇಲೆ ಇರದಿದ್ದರೆ ತಾವು ಅರ್ಧ ದಾರಿಯಲ್ಲೇ ಕೈಚೆಲ್ಲಿ ಕೂತುಬಿಡುತ್ತಿದ್ದೆವೆಂಬುದು ಖಚಿತವಾಗಿ ಗೊತ್ತಿತ್ತು.

"ವೈರು ಕಡಿದು ಓಡಿಸೋ ಪರೀಕ್ಷೆ ಪಟ್ಟಿಯಲ್ಲಿದೆ, ಇನ್ನೂ ಮಾಡಿಲ್ಲ," ಎಂದರು ಮೇಷ್ಟ್ರು. "ಎಮ್ಮೆನ ನಾನೇ ಓಡಿಸ್ತೀನಿ."

"ಈ ವಯಸ್ಸಲ್ಲಾ?" ಎಂದರು ಕರ್ನಲ್.

"ಸ್ಟೇರಿಂಗಿಗೆ ನನ್ನ ವಯಸ್ಸು ಗೊತ್ತಿಲ್ಲ, ಸರ್."

ಮರುದಿನ ಬೆಳಗ್ಗೆ ಹತ್ತಕ್ಕೆ ದೂಳಿನ ಓಣಿಗೆ ಎಮ್ಮೆಯನ್ನು ಇಳಿಸಿದರು. ಎರಡೂ ಬದಿಯಲ್ಲಿ ದೊಡ್ಡ ಫ್ಯಾನುಗಳು ಮಣ್ಣು ಎರಚುತ್ತಿದ್ದವು. ಮೇಷ್ಟ್ರು ಮುಂದಿನ ಗೂಡಿಗೆ ಇಳಿದು ತಲೆಯ ಮೇಲಿನ ಮುಚ್ಚಳ ಎಳೆದುಕೊಂಡರು. ಗೂಡು ಚೆನ್ನಾಗಿಯೇ ಇತ್ತು. ಮೆತ್ತನೆಯ ಸೀಟು, ತಣ್ಣನೆಯ ಗಾಳಿ. ಕಿವಿಯಲ್ಲಿ ಕಮಾಂಡರಿನ ದನಿ, "ಸ್ವಲ್ಪ ಎಡಕ್ಕೆ ಮೇಷ್ಟ್ರೇ, ಹಾಂ, ಹಾಗೇ ಬನ್ನಿ," ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಆ ದನಿ ನಿಂತಿತು. ಎದುರಿನ ಕ್ಯಾಮೆರಾ ಪರದೆಯೂ ಕಪ್ಪಾಯಿತು.

ಬಂಡಿ ನಿಲ್ಲಿಸಬಾರದೆಂಬುದು ಪರೀಕ್ಷೆಯ ನಿಯಮ. ನಿಂತ ಗಾಡಿ ಸತ್ತ ಗಾಡಿ. ಮೇಷ್ಟ್ರು ಎದುರಿನ ಗಾಜಿನ ಪಟ್ಟಿಯಲ್ಲಿ ಕಂಡ ಕಂದು ಬಣ್ಣವನ್ನೇ ದಿಟ್ಟಿಸುತ್ತ ಓಡಿಸಿದರು. ಮೂರು ನಿಮಿಷ. ನಾಲ್ಕನೆಯ ನಿಮಿಷದಲ್ಲಿ ಮುಂದಿನ ಚಕ್ರಗಳು ಹಳ್ಳಕ್ಕೆ ಇಳಿದು ಗಾಡಿ ಮೂತಿ ಕುಕ್ಕಿ ನಿಂತಿತು. ಮುಚ್ಚಳ ತಳ್ಳಿದರು. ಒಂದು ಬೆರಳಷ್ಟು ಎದ್ದು ಟಣ್ಣೆಂದು ಯಾವುದಕ್ಕೋ ತಾಗಿತು. ಗನ್ನರು ತೋಪಿನ ನಳಿಕೆಯನ್ನು ತಿರುಗಿಸಿ ಸರಿಯಾಗಿ ಮುಚ್ಚಳದ ಮೇಲೆಯೇ ತಂದು ನಿಲ್ಲಿಸಿದ್ದ. ಅದು ಅವನಿಗೇನು ಗೊತ್ತು? ಹೇಳೋಣವೆಂದರೆ ವೈರಿಲ್ಲ. ಮೇಷ್ಟ್ರು ಸ್ಪ್ಯಾನರಿನಿಂದ ಹಿಂದಿನ ಗೋಡೆ ಬಡಿದರು. ಎಂಜಿನ್ನಿನ ಗುಡುಗಿನಲ್ಲಿ ಆ ಬಡಿತ ಅವರಿಗೇ ಸರಿಯಾಗಿ ಕೇಳಲಿಲ್ಲ. ದೂಳಿನ ಹೊರಗೆ ನಿಂತವರಿಗೆ ಗಾಡಿಯೇ ಕಾಣುತ್ತಿರಲಿಲ್ಲ.

ಹತ್ತು ನಿಮಿಷ ಬಡಿದರು. ಆಮೇಲೆ ಎಂಜಿನ್ ಆರಿಸಿದರು. ಅದರೊಂದಿಗೆ ತಣ್ಣನೆಯ ಗಾಳಿಯೂ ನಿಂತಿತು. ಬಿಸಿಲಿಗೆ ಕಾದ ಉಕ್ಕು ನಾಲ್ಕೂ ಕಡೆಯಿಂದ ಉಸಿರು ಬಿಡತೊಡಗಿತು. ಈಗ ಬಡಿತ ಕೇಳಿ ಆಚೆಯವರು ಎಚ್ಚೆತ್ತರು. ವಿದ್ಯುತ್ತಿಲ್ಲದೆ ತೋಪು ಕೂರಿಸಿದ ಗೋಪುರ ತಿರುಗದು. ಕೈಯಿಂದಲೇ ಹಿಡಿಕೆ ತಿರುವಬೇಕು. ಮುಂದಕ್ಕೆ ವಾಲಿದ ಗಾಡಿಯಲ್ಲಿ ಅದು ಕೂದಲೆಳೆಯಷ್ಟೇ ಅಲ್ಲಾಡುತ್ತಿತ್ತು. ಹದಿನೇಳು ನಿಮಿಷ ಹಿಡಿಯಿತು.

ಮುಚ್ಚಳ ತೆರೆದಾಗ ಮೊದಲು ಬಗ್ಗಿ ನೋಡಿದವರು ಡಾಕ್ಟರಮ್ಮ. ಮೇಷ್ಟ್ರು ಬೆವರಿನಲ್ಲಿ ಮಿಂದಿದ್ದರು. ಎಡಗೈಯಿಂದ ತಮ್ಮದೇ ಬಲಭುಜವನ್ನು ಅಮುಕಿ ಹಿಡಿದಿದ್ದರು. "ನೋವಾ?" ಎಂದು ಕೇಳಿದರೆ ಸರಕ್ಕನೆ ಕೈ ತೆಗೆದು, "ಏನಿಲ್ಲ ಡಾಕ್ಟ್ರೇ, ಸೆಖೆ," ಎಂದರು.

ಸಂಜೆ ಆಸ್ಪತ್ರೆ ಕೋಣೆಯಲ್ಲಿ ನಾಡಿ ನೋಡುತ್ತ ಡಾಕ್ಟರಮ್ಮ ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ಗೂಡಿನೊಳಗೆ ಏನಾಯ್ತು? ವರದಿಗೆ ಅಲ್ಲ, ನಂಗೆ ಹೇಳಿ."

"ವಿಶೇಷ ಏನಿಲ್ಲ. ಯಾರೂ ಇಲ್ಲ ಅನ್ನಿಸ್ತು. ನಾಲ್ಕು ಅಡಿ ಆಚೆ ಇಬ್ಬರು ಕೂತಿದಾರೆ ಅಂತ ಗೊತ್ತು. ಆದ್ರೂ ಲೋಕದಲ್ಲೇ ಯಾರೂ ಇಲ್ಲ ಅನ್ನಿಸ್ತು." ಮೇಷ್ಟ್ರು ಅಂಗಿಯ ತೋಳು ಇಳಿಸಿಕೊಂಡು ಎದ್ದರು.

ಅದೇ ಓಣಿಯನ್ನು ಮುಂಗುಸಿ ವೈರಿಲ್ಲದೆಯೂ ಎಡವದೆ ದಾಟಿದ ಮೇಲೆ ಸಮಿತಿಯ ಮನಸ್ಸು ಅದರ ಕಡೆ ವಾಲಿತು. ಎಂಜಿನಿಯರಿನ ಮುಖ ಹುಳ್ಳಗಾಗಿತ್ತು. "ಗೆದ್ರಿ ಬಿಡಿ ಮೇಷ್ಟ್ರೇ," ಎಂದು ಕರ್ನಲ್ ಬೆನ್ನು ತಟ್ಟಿದರು. ಉಳಿದಿದ್ದದ್ದು ಕೊನೆಯ ಪರೀಕ್ಷೆ ಒಂದೇ: ನೆಲಬಾಂಬು.

ಎರಡೂ ಗಾಡಿಗಳ ಒಳಗೆ ಮನುಷ್ಯರಷ್ಟೇ ತೂಕದ ಮೂರು ಮೂರು ಗೊಂಬೆಗಳನ್ನು ಕೂರಿಸಿ ಬೆಲ್ಟು ಕಟ್ಟಿದರು. ಅವುಗಳ ಕಾಲು, ಬೆನ್ನು, ಕುತ್ತಿಗೆಗಳಲ್ಲಿ ಪೆಟ್ಟು ಅಳೆಯುವ ತಂತಿಗಳಿದ್ದವು. ಎಮ್ಮೆಯ ಕೆಳಗೆ ಸಿಡಿಸಿದಾಗ ಅದು ಆಳೆತ್ತರ ಹಾರಿ ಧಡಾರನೆ ಕೂತಿತು. ಮೂರು ಚಕ್ರ ಕಿತ್ತುಹೋದವು, ಎಂಜಿನ್ನು ನುಜ್ಜುಗುಜ್ಜಾಯಿತು. ಮುಂದಿನ ಗೂಡಿನಲ್ಲಿ ಗೊಂಬೆ ಕೂತ ಹಾಗೇ ಕೂತಿತ್ತು. ಡಾಕ್ಟರಮ್ಮ ಅಂಕೆಗಳನ್ನು ಓದಿ, "ಎರಡು ವಾರ ಬೆನ್ನು ನೋವು, ಅಷ್ಟೇ. ಹಿಂದಿನವರೂ ಕ್ಷೇಮ," ಎಂದರು.

ಮಧ್ಯಾಹ್ನ ಮುಂಗುಸಿಯ ಸರದಿ. ಹೊರಗಿನಿಂದ ನೋಡಿದರೆ ಅಂಥದ್ದೇನೂ ಆಗಿರಲಿಲ್ಲ. ಮೇಷ್ಟ್ರು ಹಿಂಬಾಗಿಲು ತೆಗೆದು ಒಳಗೆ ಬಗ್ಗಿದರು. ತಳ ಸೀಳಿಕೊಂಡು ಸೀಟಿನ ಮಟ್ಟಕ್ಕೆ ಎದ್ದಿತ್ತು. ಚಾಲಕ ಗೊಂಬೆಯ ಕಾಲುಗಳು ಇರಬೇಕಾದ ಕಡೆ ಇರಲಿಲ್ಲ. ಕಮಾಂಡರ್ ಗೊಂಬೆ ಕಿತ್ತುಕೊಂಡು ಬಂದು ಅದರ ಬೆನ್ನ ಮೇಲೆ ಕವುಚಿ ಬಿದ್ದಿತ್ತು. ಗನ್ನರಿನದು ಇಬ್ಬರಿಗೂ ಒರಗಿತ್ತು. ಮೂರೂ ಒಂದರ ಮೇಲೊಂದು, ನಡುವೆ ಯಾವ ಗೋಡೆಯೂ ಇಲ್ಲದೆ.

"ಡ್ರೈವರ್ ಹೋದ," ಎಂದರು ಡಾಕ್ಟರಮ್ಮ ಹಿಂದಿನಿಂದ. "ಕಮಾಂಡರೂ ಹೋದ. ಗನ್ನರ್ ಉಳೀಬಹುದು. ಆದ್ರೆ ಮತ್ತೆ ನಡೆಯಲ್ಲ."

ಮೇಷ್ಟ್ರು ಹಿಂಬಾಗಿಲು ಮುಚ್ಚಿದರು.

ಕರ್ನಲ್ ಸಾಹೇಬರು ಅವರನ್ನು ಒಬ್ಬರನ್ನೇ ತಮ್ಮ ಕೋಣೆಗೆ ಕರೆಸಿದರು. "ಎರಡು ಮತ ಅಲ್ಲಿ, ಎರಡು ಇಲ್ಲಿ. ನಿಮ್ಮದೇ ಕೊನೇದು. ನೀವು ಯಾವುದಕ್ಕೆ ಸಹಿ ಹಾಕಿದ್ರೂ ನಂಗೆ ಒಪ್ಪಿಗೆ."

"ಎಮ್ಮೆಗೆ ಹಾಕ್ತೀನಿ, ಸರ್."

ಕರ್ನಲ್ ಹುಬ್ಬೇರಿಸಿದರು. "ಅಷ್ಟೆಲ್ಲಾ ವಾದ ಮಾಡಿ?"

"ಜೊತೆಗೆ ಕೂತು ಸಾಯೋದಕ್ಕಿಂತ ಒಂಟಿಯಾಗಿ ಕೂತು ಬದುಕೋದು ಮೇಲು. ಆದ್ರೆ ಆ ಡ್ರೈವರ್‌ಗಳ ಪರವಾಗಿ ನಾನು ಸುಲಭವಾಗಿ ಹೇಳ್ತಿಲ್ಲ ಅಂತ ನಿಮಗೆ ಗೊತ್ತಿರಲಿ." ಮೇಷ್ಟ್ರು ಎರಡು ಬೆರಳು ಎತ್ತಿದರು. "ಎರಡು ಷರತ್ತು. ನಳಿಕೆ ಡ್ರೈವರ್ ಮುಚ್ಚಳದ ಮೇಲೆ ಬಂದು ನಿಲ್ಲದ ಹಾಗೆ ತಡೆ ಹಾಕಬೇಕು. ಇನ್ನೊಂದು, ಎಂಜಿನ್ ಪಕ್ಕ ಗೋಡೆಯಲ್ಲಿ ಒಂದು ಕಿಂಡಿ ಬೇಕು. ಒಂದು ತೋಳು ತೂರೋವಷ್ಟು."

ಸಮಿತಿಯ ಮುಂದೆ ಷರತ್ತು ಓದಿದಾಗ ಎಂಜಿನಿಯರು ಲಬಲಬ ಬಾಯಿ ಬಡಿದುಕೊಂಡ. ಗೋಡೆಗೆ ತೂತು ಹಾಕಿದರೆ ಬಲ ಕುಂದುತ್ತದೆ, ಬೆಂಕಿ ಈಚೆ ಬರುತ್ತದೆ, ಎರಡು ತಿಂಗಳ ಕೆಲಸ, ಅಷ್ಟಕ್ಕೂ ಅದು ಯಾತಕ್ಕೆ? ಡಾಕ್ಟರಮ್ಮ ಒಂದೇ ಮಾತು ಹೇಳಿದರು: "ಚಾಲಕನಿಗೆ ಪ್ರಜ್ಞೆ ತಪ್ಪಿದರೆ ಮುಟ್ಟಿ ನೋಡಕ್ಕೆ. ನನ್ನ ವರದಿಯಲ್ಲಿ ಹಾಗೇ ಬರೀತೀನಿ." ಕೊನೆಗೆ ಜಾರುವ ಉಕ್ಕಿನ ಬಾಗಿಲಿರುವ ಕಿಂಡಿಗೆ ಎಲ್ಲರೂ ಒಪ್ಪಿದರು. ಆಮೇಲೆ ಮೇಷ್ಟ್ರು ಸಹಿ ಹಾಕಿದರು.

ಸಂಜೆ ಹೆಂಡತಿ ಫೋನು ಮಾಡಿದಳು. ಭಾನುವಾರವಲ್ಲದ ದಿನ ಅವಳು ಮಾಡುವುದು ಅಪರೂಪ.

"ಇವತ್ತೇ ಅಲ್ವಾ ನಿಮ್ಮ ಗಾಡಿ ತೀರ್ಮಾನ? ನೀವು ಹೇಳಿದ್ದೇ ಆಯ್ತಾ?"

"ಇಲ್ಲ. ನಾನೇ ಇನ್ನೊಂದಕ್ಕೆ ಸಹಿ ಹಾಕ್ದೆ."

"ಅಯ್ಯೋ! ಯಾಕ್ರೀ?"

ಹೇಳಲು ಅದೇ ಹೊತ್ತು. ದೂಳು, ಬೂಟು, ನಾಲ್ಕು ಕಿಲೋಮೀಟರು ಎಲ್ಲವೂ ಗಂಟಲ ತನಕ ಬಂದವು. ಆಚೆ ಬದಿಯಲ್ಲಿ ಕುಕ್ಕರು ಕೂಗಿತು. "ಒಂದ್ನಿಮಿಷ," ಎಂದು ಅವಳು ಹೋಗಿ ಒಲೆ ಆರಿಸಿ ಬಂದಳು. ಅಷ್ಟರಲ್ಲಿ ಬಂದದ್ದು ವಾಪಸು ಇಳಿದಿತ್ತು.

"ಹಾಂ, ಏನೋ ಹೇಳ್ತಿದ್ರಿ."

"ಅದು ಗಟ್ಟಿ ಇದೆ ಅಂತ ಹಾಕ್ದೆ."

"ಮತ್ತೆ ಒಳ್ಳೇದಾಯ್ತಲ್ಲ. ಊಟ ಆಯ್ತಾ?"

"ಆಯ್ತು," ಎಂದರು. ಆಗಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಮೊದಲ ಹನ್ನೆರಡು ಎಮ್ಮೆಗಳನ್ನು ಪಡೆಗೆ ಒಪ್ಪಿಸಿದರು. ಮೇಷ್ಟ್ರು ನಿವೃತ್ತರಾಗುವ ವಾರವೇ ಅದೂ ಬಿತ್ತು. ಸಾಲಿನ ಕೊನೆಯ ಗಾಡಿಯ ಚಾಲಕಿ, ಮೂವತ್ತರ ಆಸುಪಾಸಿನ ಸಾರ್ಜೆಂಟ್, ಚಕ್ರದ ನಟ್ಟು ಬಿಗಿಮಾಡುತ್ತಿದ್ದಳು. ಇವರ ಹಳೆಯ ಶಿಷ್ಯೆಯ ಶಿಷ್ಯೆ.

"ಹೇಗಿದೆಯಮ್ಮಾ ಗಾಡಿ?"

"ಗಾಡಿ ಏನೋ ಬಂಡೆ ಇದ್ದಂಗಿದೆ ಮೇಷ್ಟ್ರೇ. ಆದ್ರೆ ಆ ಹಿಂದಿನ ಕಿಂಡಿ ಯಾರ ತಲೆಯಿಂದ ಬಂತೋ, ದೊಡ್ಡ ಪೀಡೆ! ನಮ್ಮ ಕಮಾಂಡರು ಅದರಿಂದ ಕೈ ಹಾಕಿ ನನ್ನ ಬಿಸ್ಕತ್ತೆಲ್ಲಾ ಖಾಲಿ ಮಾಡ್ತಾರೆ." ನಕ್ಕು, ಸ್ಪ್ಯಾನರ್ ಕೆಳಗಿಟ್ಟಳು. "ಟ್ರೇನಿಂಗಲ್ಲಿ ಒಂದ್ಸಲ ವೈರ್ ಕಟ್ಟಾದಾಗ ಮಾತ್ರ ಉಪಯೋಗಕ್ಕೆ ಬಂತು. ಕೋಲಿನಿಂದ ತಿವಿದು ತಿವಿದು ದಾರಿ ತೋರಿಸಿದ್ರು. ನಂಗೆ ಕಚಗುಳಿ. ನಕ್ಕು ನಕ್ಕು ಸಾಕಾಯ್ತು."

"ದಾರಿ ತಪ್ಪಲಿಲ್ವಾ?"

"ಎಲ್ಲಿಂದ ತಪ್ಪೋದು? ತಿವಿತಾನೇ ಇದ್ರಲ್ಲ!"

ಮೇಷ್ಟ್ರು ನಕ್ಕರು. ಆ ಕಿಂಡಿ ತಮ್ಮದೇ ಎಂದು ಹೇಳಲಿಲ್ಲ. ಹನ್ನೆರಡು ಗಾಡಿಗಳೂ ಸಾಲಾಗಿ ಗೇಟು ದಾಟಿ ಹೋದವು. ಅವು ಎಬ್ಬಿಸಿದ ದೂಳು ಕೂರುವವರೆಗೆ ಇವರು ಬಿಸಿಲಲ್ಲೇ ನಿಂತಿದ್ದು, ಆಮೇಲೆ ಹೋಗಿ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿ ಸೂಟ್‌ಕೇಸು ಎತ್ತಿಕೊಂಡರು.

ಪಟ್ಟಣದ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಇನ್ನು ಮೂರು ತಾಸಿನಲ್ಲಿ ಹೆಂಡತಿಯ ಮನೆ. ಅಲ್ಲಿ ಅವರಿಗೆಂದು ಒಂದು ಕೋಣೆ ತೆರವು ಮಾಡಿಟ್ಟಿದ್ದಾಳೆ. ಇಸ್ತ್ರಿ ಮೇಜನ್ನು ಮಗಳ ಕೋಣೆಗೆ ಸಾಗಿಸಿದ್ದಾಳೆ ಎಂದು ಫೋನಿನಲ್ಲಿ ಹೇಳಿದ್ದಳು. ನೆಂಟರ ಮನೆಗೆ ಹೊರಟವರಂತೆ ಮೇಷ್ಟ್ರಿಗೆ ಅಳುಕು. ಈ ಸಲ ಹೋದ ಕೂಡಲೆ ಹೇಳಿಬಿಡಬೇಕು, ಕೂತು ನೀರು ಕುಡಿಯುವುದಕ್ಕೂ ಮೊದಲು, ಎಂದುಕೊಂಡರು. ಎಲ್ಲಿಂದ ಶುರುಮಾಡುವುದು? ಕಿಟಕಿಯ ಕಡೆ ಮುಖ ಮಾಡಿ, ತುಟಿಯಲ್ಲೇ ಅಭ್ಯಾಸ ಮಾಡಿದರು. "ನಮ್ಮ ಕ್ಯಾಪ್ಟನ್ ಅಂತ ಒಬ್ಬರಿದ್ರು..."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. "ಏನಂದ್ರಿ?"

"ಏನಿಲ್ಲಮ್ಮಾ," ಎಂದರು ಮೇಷ್ಟ್ರು. ಅವಳು ಮತ್ತೆ ಮುಂದಕ್ಕೆ ತಿರುಗುವವರೆಗೆ ಕಾದು, ಮೊದಲಿನಿಂದ ಶುರುಮಾಡಿದರು.